ದುಂಬಿ ಹಿಡಿಯಲು ಹೋದ ಅಪ್ಪ

ಅಮ್ಮ ಹೋದ ಸಂಜೆ ಅಪ್ಪ ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ ಬೇವಿನ ಮರ ಅಲ್ಲಾಡಿಸುತ್ತಿದ್ದರು. ಆ ಸಂಜೆಯ ಒಂದು ಮಾತನ್ನು ನಾನು ಬಹಳ ದಿನ ಯಾರಿಗೂ ಹೇಳಲಿಲ್ಲ.

ತೊಂಬತ್ತರ ದಶಕದ ಮಾತು. ನಮ್ಮ ಮನೆ ಶಂಕರಪುರಂನಲ್ಲಿ. ಅಪ್ಪ ಕೃಷಿ ಇಲಾಖೆಯಲ್ಲಿದ್ದರು, ನಾನು ಕಾಲೇಜಿನಲ್ಲಿದ್ದೆ. ಆ ಹಳ್ಳಿಯ ಕಬ್ಬಿಗೆ ಎರಡು ವರ್ಷದಿಂದ ಗೊಣ್ಣೆ ಹುಳು ಬಿದ್ದಿತ್ತು. ಮಣ್ಣೊಳಗೇ ಇದ್ದು ಬೇರು ತಿನ್ನುವ ಹುಳು. ಗರಿ ಹಳದಿಯಾಯಿತೆಂದು ಎಳೆದು ನೋಡಿದರೆ ಬುಡವೇ ಕೈಗೆ ಬರುತ್ತದೆ. ಔಷಧಿ ಹಾಕಿ ಸೋತಿದ್ದ ರೈತರನ್ನು ಅಪ್ಪ ಬೇಸಿಗೆಯಿಡೀ ಓಡಾಡಿ ಬೇರೊಂದು ಉಪಾಯಕ್ಕೆ ಒಪ್ಪಿಸಿದ್ದರು. ಮೊದಲ ಮಳೆ ಬಿದ್ದ ಮೇಲೆ ಸಂಜೆ ಈ ಹುಳುಗಳೇ ದುಂಬಿಗಳಾಗಿ ಮಣ್ಣಿಂದೆದ್ದು ಬೇವಿನ ಮರಕ್ಕೆ ಬರುತ್ತವೆ. ಊರಿಗೆ ಊರೇ ಸೇರಿ ಕೊಂಬೆ ಅಲ್ಲಾಡಿಸಿ, ಉದುರಿದ್ದನ್ನೆಲ್ಲ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಅವು ಮೊಟ್ಟೆಯಿಟ್ಟುಬಿಟ್ಟರೆ ಮುಗಿಯಿತು.

ಮಳೆ ಬಂದಿದೆಯೆಂದು ಬೆಳಿಗ್ಗೆ ಹಳ್ಳಿಯಿಂದ ಫೋನ್ ಬಂತು. ಅಮ್ಮನಿಗೆ ಹಿಂದಿನ ದಿನದಿಂದ ಎದೆ ಹಿಡಿದಂತಾಗುತ್ತಿತ್ತು. ಅಪ್ಪ ಚಪ್ಪಲಿ ಮೆಟ್ಟಿದವರು ಮತ್ತೆ ಬಿಟ್ಟು ಒಳಗೆ ಬಂದರು.

"ಗ್ಯಾಸು ಅಷ್ಟೇರೀ," ಅಂದಳು ಅಮ್ಮ. "ನೀವು ಹೋಗದಿದ್ರೆ ಅವ್ರು ಯಾರೂ ಸೇರಲ್ಲ. ಹೋಗ್ಬನ್ನಿ."

ಸಾಯಂಕಾಲ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದವಳು ಗೋಡೆಗೊರಗಿ ಹಾಗೇ ಕುಸಿದಳು. ಆಟೋದಲ್ಲಿ ಕರೆದುಕೊಂಡು ಹೊರಟೆ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಳ್ಳಿಗೆ ಫೋನೆಂದರೆ ಹಾಲಿನ ಡೈರಿಯದೊಂದೇ, ಅದಕ್ಕೆ ಮಾಡಿದೆ. ರಿಂಗಾಗುತ್ತಲೇ ಇತ್ತು. ಎತ್ತಲು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಮರದ ಕೆಳಗಿದ್ದರು.

ಅಪ್ಪ ಬಂದಿದ್ದು ಮಾರನೇ ಬೆಳಿಗ್ಗೆ, ಏನೂ ತಿಳಿಯದೆ. ಬೀದಿಯ ತಿರುವಿನಿಂದ ಬಿರಬಿರನೆ ನಡೆದು ಬರುತ್ತಿದ್ದವರು ಗೇಟಿನ ಮುಂದೆ ಜನ ಕಂಡು ನಿಧಾನವಾದರು. ಅಂಗಿ ಸೀಮೆಎಣ್ಣೆ ನಾರುತ್ತಿತ್ತು.

ವೈಕುಂಠ ಸಮಾರಾಧನೆಯ ದಿನ ಆ ಹಳ್ಳಿಯ ಒಬ್ಬ ಅಜ್ಜಿ ಬಂದಳು. ಎರಡು ಎಕರೆ ಕಬ್ಬಿನವಳು. ಹೊಸ್ತಿಲಲ್ಲೇ ಕೂತು, "ನಾವೇ ಕರುಸ್ಕೊಂಬುಟ್ವಲ್ಲ ಸ್ವಾಮಿ," ಎಂದು ಅತ್ತಳು.

ಅಪ್ಪ ಕೇಳಿದರು: "ದುಂಬಿ ಮತ್ತೆ ಬಂತಾ?"

ನಾನು ಎಲ್ಲರೆದುರೇ ಕಿರುಚಿದೆ. "ಇವತ್ತೂ ಹುಳುವಿನ ಮಾತೇನಾ ಅಪ್ಪ?"

ಅವರು ತಲೆ ತಗ್ಗಿಸಿದರು. ಆಮೇಲೆ ಒಂದು ವರ್ಷ ಒಂದೇ ಮನೆಯಲ್ಲಿ ಊಟ-ತಿಂಡಿಗೆ ಬೇಕಾದಷ್ಟು ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೇನೂ ಇರಲಿಲ್ಲ. ಆ ವರ್ಷ ಹಳ್ಳಿಯಲ್ಲಿ ಕಬ್ಬು ಆಳೆತ್ತರ ಬೆಳೆಯಿತಂತೆ. ಅದನ್ನು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು.

ಮರುವರ್ಷ ಮಳೆ ಬಿದ್ದಾಗ ಮತ್ತೆ ಫೋನ್ ಬಂತು. "ನೀವೇ ಮಾಡ್ಕೊಳಿ, ನಿಮಗೆ ಗೊತ್ತಲ್ಲ," ಎಂದು ರಿಸೀವರ್ ಇಟ್ಟ ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತರು. ಅವರ ಕಣ್ಣು ಬಾಗಿಲ ಬಳಿಯ ಚಪ್ಪಲಿಯ ಮೇಲಿತ್ತು. ಆಗ ನನಗೆ ತಡೆಯಲಾಗಲಿಲ್ಲ.

"ಅಪ್ಪ, ಆಟೋದಲ್ಲಿ ಅಮ್ಮಂಗೆ ಇನ್ನೂ ಮಾತಿತ್ತು. ನನ್ನ ಕೈ ಹಿಡ್ಕೊಂಡು, ಅಲ್ಲಿ ಎಲ್ಲರೂ ಸೇರಿರ್ತಾರೇನೇ ಅಂತ ಕೇಳಿದ್ಲು. ಕೊನೇಲಿ ಕೇಳಿದ್ದು ಅದೊಂದೇ."

ಅಪ್ಪ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ.

"ಇದನ್ನ ಅವತ್ತೇ ಹೇಳ್ಬಾರ್ದಿತ್ತಾ ಮಗಳೇ?"

"ಸಿಟ್ಟಲ್ಲಿ ಮುಚ್ಚಿಟ್ಟೆ ಅಪ್ಪ," ಎಂದು ಅವರ ಕಾಲ ಬಳಿ ಕೂತೆ. ಅಪ್ಪ ಅಂದು ಹಳ್ಳಿಗೆ ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ. ಕಚೇರಿಯೊಳಗಿನ ಕೆಲಸ ಕೇಳಿ ಪಡೆದು, ಕಡತಗಳ ನಡುವೆಯೇ ನಿವೃತ್ತರಾದರು.