ಗಂಗವ್ವ ಸೋಸಿದ ಮಣ್ಣು

ಅತ್ತೆ ಹಿತ್ತಲಲ್ಲಿ ದನಕ್ಕೆ ನೀರು ಕುಡಿಸುತ್ತಿದ್ದಾಗ, ನಮ್ಮಲ್ಲಿ ಬಾಡಿಗೆಗಿದ್ದ ಸೈನ್ಸ್ ಸರ್ ಅವರ ಬೋಗುಣಿಯ ಮಣ್ಣನ್ನು ನಾನು ಕದ್ದೆ.

ಮದುವೆಯಾಗಿ ಏಕಸಂಬಿಗೆ ಬಂದ ಮೊದಲ ವರ್ಷ, ತೊಂಬತ್ತರ ದಶಕ. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಗೆಂದು ನಾನು ಹಳ್ಳದ ಮಣ್ಣಿನಲ್ಲಿ ಮಾಡಿದ ಎತ್ತುಗಳ ಕೋಡುಗಳು ಎರಡು ಸಲ ಮುರಿದಿದ್ದವು.

"ನಿಮ್ಮ ಪಾಲಬಾವ್ಯಾಗ ಎತ್ತಿಗಿ ಕೋಡ ಇರೂದಿಲ್ಲೇನವಾ?" ಎಂದರು ಅತ್ತೆ. ನನ್ನ ತವರೂರನ್ನು ಆಡಿಕೊಂಡದ್ದಕ್ಕೆ ಓಣಿಯ ಹೆಂಗಸರು ನಕ್ಕರು.

ಸರ್ ಅವರದೂ ಹಳ್ಳದ ಜೇಡಿಮಣ್ಣೇ. ನೂಲಿಗೆ ಬಣ್ಣ ಹಾಕುವವರು ಬಿಟ್ಟ ಕೆಂಪು ನೀರು ನಮ್ಮ ಗಟಾರಿನಲ್ಲಿ ಹರಿಯುತ್ತಿತ್ತು. ಅದನ್ನು ಕಡಿಮೆ ಖರ್ಚಿನಲ್ಲಿ ತಿಳಿ ಮಾಡಬೇಕೆಂದು ಮಣ್ಣನ್ನು ದಿನಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ, ತೊಳೆದು, ಹದ ಮಾಡುತ್ತಿದ್ದರು. ಬರಿ ಮಣ್ಣಿಗಿಂತ ಅದು ಬಣ್ಣ ಹೆಚ್ಚು ಹಿಡಿಯುತ್ತದಂತೆ.

ಸೋಸುವ ಕೆಲಸ ಗಂಗವ್ವನದು. ಗಂಡನಿಲ್ಲದ ಅವಳ ಮನೆ ನಡೆಯುತ್ತಿದ್ದುದೇ ಸರ್ ಕೊಟ್ಟ ಕೆಲಸದಿಂದ.

ಆ ಮಣ್ಣಿನಲ್ಲಿ ಎತ್ತುಗಳು ಬೆಣ್ಣೆಯಲ್ಲಿ ತಿದ್ದಿದಂತೆ ಎದ್ದವು. ಕುಂಬಾರ ಓಣಿಯಿಂದ ತಂದೆ ಎಂದು ಸುಳ್ಳು ಹೇಳಿದೆ. ಅತ್ತೆ ನೆರೆಯವರನ್ನು ಕರೆದು ಕರೆದು ತೋರಿಸಿದರು.

ಸಂಜೆ ಸರ್ ಬಂದು, ಖಾಲಿ ಬೋಗುಣಿ ನೋಡಿ, ಹೊರಗೆ ಕಟ್ಟೆಯ ಮೇಲೆ ಕೂತುಬಿಟ್ಟರು. ಮರುದಿನ ಅದನ್ನು ಬೆಳಗಾವಿಗೆ ಒಯ್ದು ದೊಡ್ಡವರಿಗೆ ತೋರಿಸಬೇಕಿತ್ತಂತೆ.

"ಮತ್ಯಾರ ಒಯ್ತಾರ್ರಿ? ಗಂಗಿ ಮನ್ಯಾಗೂ ಇವತ್ತ ಎತ್ತ ಮಾಡ್ತಾರಲ್ಲ," ಎಂದರು ಅತ್ತೆ.

ನಾನು ಒಳಗೆ ಎತ್ತುಗಳ ಮುಂದೆ ಹೋಳಿಗೆ ಎಡೆ ಇಡುತ್ತಿದ್ದೆ. ಎಲ್ಲ ಕೇಳಿಸಿಕೊಂಡೇ ಹೋಳಿಗೆಯ ಮೇಲೆ ತುಪ್ಪ ಹಾಕಿದೆ.

ಗಂಗವ್ವನನ್ನು ಕರೆಸಿದರು. "ನಾ ಮುಟ್ಟಿಲ್ರಿ ಸರ," ಎಂದಳು. ಸರ್ ಬಯ್ಯಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು, ಅಷ್ಟೇ.

ಹೋಗುವಾಗ ಅವಳು ನಮ್ಮ ಹೊಸ್ತಿಲ ಹೊರಗೆ ನಿಂತಳು. ಎತ್ತುಗಳನ್ನು ನೋಡಿದಳು, ನನ್ನನ್ನು ನೋಡಿದಳು. ದಿನವೂ ಸೋಸಿದ ಕೈ, ಆ ಮಣ್ಣಿನ ಗುರುತು ಅವಳಿಗೆ ಸಿಗದೆ ಇನ್ನಾರಿಗೆ ಸಿಗಬೇಕು...

ಎತ್ತುಗಳಿಗೆ ಕೈ ಮುಗಿದು, "ಭಾಳ ನುಣ್ಣಗ ಆಗ್ಯಾವ್ರಿ ವೈನಿ," ಎಂದು ಹೊರಟುಹೋದಳು.

ದೇವರ ಕೆಲಸಕ್ಕೆ ಒಯ್ದದ್ದು ಕಳುವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸೋಮವಾರ ಸೋಮವಾರ ಒಪ್ಪತ್ತು ಹಿಡಿದೆ. ಶಿವನ ಮುಂದೆ ತಪ್ಪು ಒಪ್ಪಿಕೊಂಡೆ. ಗಂಗವ್ವನ ಮುಂದೆ ಇನ್ನೂ ಇಲ್ಲ.

ಅವಳು ಈಗಲೂ ಊರಲ್ಲೇ ಇದ್ದಾಳೆ. ಸಂತೆಯಲ್ಲಿ ಎದುರಾದರೆ "ಆರಾಮ ಅದೀರಿ ವೈನಿ?" ಎನ್ನುತ್ತಾಳೆ. ನಾನು ಸೆರಗು ಸರಿಮಾಡಿಕೊಂಡು ದಾಟಿ ಹೋಗುತ್ತೇನೆ.

ಇಷ್ಟು ವರ್ಷದ ಮೇಲೆ ಹೋಗಿ ಹೇಳಿದರೆ ಅದು ಅವಳಿಗಾಗಿಯೋ, ನನ್ನ ಸಮಾಧಾನಕ್ಕೋ... ನೀವಾದರೆ ಹೇಳುತ್ತಿದ್ದಿರಾ?