ಅಂಟಿನಡಿಯ ಅಕ್ಷರ

ಫೋಟೋ ಸ್ಟುಡಿಯೋ ನಡೆಸುವ ಸೊಸೆ ಹಳೆಯ ಡ್ರೋನ್ ಒಂದನ್ನು ಕೊಂಡು ತಂದಿದ್ದಳು. ಹಾರಿಸಿದರೆ ಅದು ಕುಡಿದವನಂತೆ ತೂರಾಡುತ್ತಿತ್ತು. ಹಾರಾಟವನ್ನೆಲ್ಲ ನಡೆಸುವುದು ಅದರ ಹೊಟ್ಟೆಯೊಳಗಿನ ಪುಟ್ಟ ಬೋರ್ಡು. ಅದರ ಸಾಫ್ಟ್‌ವೇರ್ ತೀರಾ ಹಳೆಯದಾಗಿತ್ತು. ಹೊಸದನ್ನು ತುಂಬಬೇಕೆಂದರೆ ಬೋರ್ಡಿನ ಹೆಸರು ಗೊತ್ತಿರಬೇಕು. ಬೇರೊಂದು ಬೋರ್ಡಿನದನ್ನು ತುಂಬಿದರೆ ಡ್ರೋನ್ ಮೇಲೇಳುವುದೇ ಇಲ್ಲ. ಹೆಸರಿದ್ದ ಅಂಚಿನ ಮೇಲೆ ಡ್ರೋನಿನ ಹಿಂದಿನ ಮಾಲೀಕರು ಅಂಟು ಮೆತ್ತಿಬಿಟ್ಟಿದ್ದರು.

ಸೊಸೆ ಊಟದ ಮೇಜಿನ ಮುಂದೆ ಕುಳಿತು, ಡ್ರೋನಿನ ರೆಕ್ಕೆ ಕಳಚಿ, ಹೊಟ್ಟೆ ಬಿಚ್ಚಿ, ಅಂಟನ್ನು ಮೆಲ್ಲಗೆ ಕೆರೆದಳು. ಒಳಗಿನ ಅಕ್ಷರಗಳು ಸಾಸಿವೆಗಿಂತ ಸಣ್ಣವು. ಅತ್ತೆ ಪಕ್ಕಕ್ಕೆ ಬಂದು ಕುಳಿತರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು, ಔಷಧದ ಡಬ್ಬಿಯನ್ನೂ ಬಿಡುತ್ತಿರಲಿಲ್ಲ.

“ಇಲ್ಲಿ ಕೊಡಮ್ಮ, ನಾನು ನೋಡ್ತೀನಿ.”

“ತುಂಬಾ ಸಣ್ಣದಿದೆ ಅತ್ತೆ.”

“ಭೂತಗನ್ನಡಿ ಇದೆಯಲ್ಲ, ತಾ.”

ಅತ್ತೆ ಡ್ರೋನಿನ ತೆರೆದ ಹೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು: “ಎಫ್, ನಾಲ್ಕು, ಸೊನ್ನೆ, ಐದು. ಆಮೇಲೆ ವಿ ಎರಡು.”

“ಮೂರಲ್ವಾ? ನಾನು ಮೂರು ಅಂದ್ಕೊಂಡೆ.”

“ಎರಡೇ ಕಣೇ. ಅಂಟು ಬಾಲ ಬಿಟ್ಟಿದೆ, ಅಷ್ಟೇ.”

ಸೊಸೆ ಉಳಿದ ಅಂಟನ್ನೂ ಕೆರೆದು ನೋಡಿದಳು. ಎರಡೇ. ಡ್ರೋನಿಗೆ ತಂತಿ ಸಿಕ್ಕಿಸಿ, ಅದೇ ಹೆಸರನ್ನು ಕಂಪ್ಯೂಟರಿನಲ್ಲಿ ಆರಿಸಿ ಹೊಸ ಸಾಫ್ಟ್‌ವೇರ್ ತುಂಬಲು ಬಿಟ್ಟಳು. ತೆರೆಯ ಮೇಲಿನ ಹಸಿರು ಪಟ್ಟಿ ಆಮೆಯಂತೆ ತೆವಳಿತು. ಕೊನೆಗೂ ಪಟ್ಟಿ ತುಂಬಿತು. ಅತ್ತೆ ರೆಕ್ಕೆ ಕಳಚಿದ ಡ್ರೋನನ್ನು ಎಡಕ್ಕೆ ಓರೆ ಮಾಡಿದರು. ತೆರೆಯ ಮೇಲಿನ ಡ್ರೋನ್ ಚಿತ್ರವೂ ಎಡಕ್ಕೆ ವಾಲಿತು.

“ನನ್ನ ಮಾತು ಕೇಳ್ತಿದೆ ನೋಡು,” ಎಂದು ಅತ್ತೆ ಮಗುವಿನಂತೆ ನಕ್ಕರು.

ಸೊಸೆ ಡ್ರೋನಿನ ಹೊಟ್ಟೆ ಮುಚ್ಚಿ, ರೆಕ್ಕೆಗಳನ್ನು ಹಾಕಿ ತಾರಸಿಗೆ ಒಯ್ದಳು. ಅತ್ತೆಯೂ ಹಿಂದೆಯೇ ಹತ್ತಿ ಬಂದರು. ಡ್ರೋನ್ ಎದ್ದು, ತಲೆಗಿಂತ ಎತ್ತರದಲ್ಲಿ ಅಲುಗದೆ ನಿಂತಿತು.

“ಇನ್ನೂ ಮೇಲಕ್ಕೆ ಕಳಿಸು,” ಎಂದರು ಅತ್ತೆ. “ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿದಾರೋ ಇಲ್ವೋ ನೋಡೋಣ.”