ನಮ್ಮದಲ್ಲದ ಪೊಟ್ಟಣ

ಅದು ೨೦೦೩ರ ಚಳಿಗಾಲ. ಫ್ರಾನ್ಸ್ ಸರ್ಕಾರದ ಪರವಾಗಿ ವಿಮಾನಯಾನದ ವ್ಯವಹಾರ ನೋಡಿಕೊಳ್ಳುತ್ತಿದ್ದ ವಾಷಿಂಗ್ಟನ್ನಿನ ಒಂದು ಪುಟ್ಟ ಕಚೇರಿಯಲ್ಲಿ ನಾನು ತಾಂತ್ರಿಕ ಸಹಾಯಕಿಯಾಗಿದ್ದೆ. ಮೈಸೂರಿನಲ್ಲಿ ಹಟಕ್ಕೆ ಬಿದ್ದು ಕಲಿತ ಫ್ರೆಂಚ್ ನನ್ನನ್ನು ಅಲ್ಲಿಗೆ ತಂದು ಕೂರಿಸಿತ್ತು. ಗೈದರ್ಸ್‌ಬರ್ಗ್‌ನ ಮನೆಯಿಂದ ಕಾರು, ಆಮೇಲೆ ಮೆಟ್ರೋ. ಹೋದ ಮೇಲೆ ದಿನವಿಡೀ ಪತ್ರ, ಫ್ಯಾಕ್ಸ್, ಮೀಟಿಂಗ್. ಭಯಪಡುವಂಥ ಕೆಲಸವೇನಲ್ಲ ಅಂದುಕೊಂಡಿದ್ದೆ.

ಮೇಲಧಿಕಾರಿ ಎತಿಯೆನ್ ವೊಲ್ಮಾರ್ ಹೆಸರಿಗೆ ರಾಜತಾಂತ್ರಿಕರು. ಆದರೆ ಅವರ ವೃತ್ತಿ ಶುರುವಾದದ್ದು ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ. ಆಮೇಲೆ ಹಲವು ವರ್ಷ ಅಪಘಾತಗಳ ತನಿಖೆ ಮಾಡಿದ್ದರು, ವಿಮಾನ ಬಿದ್ದ ಹೊಲಗಳಲ್ಲಿ ಓಡಾಡಿ ಬಂದವರು. ಔತಣಕೂಟಗಳಲ್ಲಿ ನಗುನಗುತ್ತ ಇರುತ್ತಿದ್ದ ಮನುಷ್ಯ ಸುರಕ್ಷತೆಯ ಮಾತು ಬಂದರೆ ಕಲ್ಲಾಗಿಬಿಡುತ್ತಿದ್ದರು. ‘ನಮ್ಮ ಸಾಹೇಬರಿಗೆ ಬೀಸುವ ಗಾಳಿಯ ಮೇಲೂ ಅನುಮಾನ’ ಎಂದು ನಾನು ಮನೆಯಲ್ಲಿ ಆಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತು, ‘ನಿಮಗೆ ಕನ್ನಡ ಬರುತ್ತದಲ್ಲವೇ? ಬೇಗ ಬನ್ನಿ’ ಎಂದರು. ಪ್ಯಾರಿಸ್‌ನಿಂದ ಅಟ್ಲಾಂಟಾಕ್ಕೆ ಬರುತ್ತಿದ್ದ ಫ್ರೆಂಚ್ ವಿಮಾನವೊಂದು ಇನ್ನೂ ಸಮುದ್ರದ ಮೇಲಿತ್ತು. ಸೀಟಿನ ಮೇಲಿನ ಲಗೇಜ್ ಗೂಡಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿದೆ, ನಿಲ್ಲುತ್ತಿಲ್ಲ. ತೆಗೆದು ನೋಡಿದರೆ ಬಟ್ಟೆಯಲ್ಲಿ ಸುತ್ತಿ, ಟೇಪ್ ಬಿಗಿದ ಪೊಟ್ಟಣ. ಅದನ್ನು ಅಲ್ಲಿಟ್ಟವರು ಒಬ್ಬ ಹಿರಿಯರು ಎಂದು ಪಕ್ಕದ ಸೀಟಿನವರು ಕಂಡಿದ್ದಾರೆ. ಆದರೆ ಆ ಹಿರಿಯರು ಎಷ್ಟು ಸಲ ಕೇಳಿದರೂ ‘ನಾಟ್ ಮೈನ್, ನಾಟ್ ಮೈನ್’ ಎಂದಷ್ಟೇ ಹೇಳಿ ಬೆವರುತ್ತಿದ್ದಾರೆ.

ಎರಡು ವರ್ಷದ ಹಿಂದಿನ ಸೆಪ್ಟೆಂಬರ್ ಹನ್ನೊಂದು ಇನ್ನೂ ಎಲ್ಲರ ಕಣ್ಣಲ್ಲೇ ಇದ್ದ ಕಾಲ. ಸ್ಪೀಕರ್ ಫೋನಿನಲ್ಲಿ ಒಬ್ಬ ಅಮೆರಿಕನ್ ಅಧಿಕಾರಿಯ ದನಿ ಬಂತು: ಫೈಟರ್ ಜೆಟ್‌ಗಳು ಮೇಲೇರಿವೆ, ನಿಮ್ಮ ಅಭಿಪ್ರಾಯ ಬೇಗ ತಿಳಿಸಿ. ಫೈಟರ್ ಜೆಟ್ ಏತಕ್ಕೆ ಏರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ವಿಮಾನದ ಸೀಟ್ ಫೋನಿನಲ್ಲಿ ಆ ಹಿರಿಯರನ್ನು ಕೊಟ್ಟರು. ಹೆಸರು ಕೃಷ್ಣಮೂರ್ತಿ, ಮೈಸೂರಿನ ರೇಷ್ಮೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಹೆಂಡತಿಯೊಡನೆ ಮಗಳ ಬಾಣಂತನಕ್ಕೆ ಹೊರಟಿದ್ದರು.

‘ಅಂಕಲ್, ಗಾಬರಿ ಆಗ್ಬೇಡಿ. ಆ ಪೊಟ್ಟಣ ಯಾರದು?’

‘ಅಯ್ಯೋ ತಾಯಿ, ಕನ್ನಡದವರು ಸಿಕ್ಕಿದ್ರಲ್ಲ! ಅದು ನಮ್ದಲ್ಲಮ್ಮ. ಪಕ್ಕದ ಮನೆಯವ್ರು ಅಟ್ಲಾಂಟಾದಲ್ಲಿರೋ ಸೊಸೆಗೆ ಕೊಟ್ಬಿಡಿ ಅಂದ್ರು. ಏನೋ ಸಂಗೀತದ್ದಂತೆ.’

‘ಒಳಗೇನಿದೆ, ನೋಡಿದ್ರಾ?’

‘ಛೆ, ಬೇರೆಯವ್ರ ಸಾಮಾನು ಬಿಚ್ತಾರೇನಮ್ಮ?’

ಪ್ಯಾರಿಸ್‌ನಲ್ಲಿ ವಿಮಾನ ಹತ್ತುವಾಗ ‘ಅಪರಿಚಿತರು ಏನಾದರೂ ಕೊಟ್ಟರೇ?’ ಎಂದು ಕೇಳಿದ್ದರಂತೆ. ಇಲ್ಲ ಅಂದಿದ್ದರು. ಪಕ್ಕದ ಮನೆಯವರು ಅಪರಿಚಿತರಾಗುವುದು ಹೇಗೆ! ನಮ್ಮ ಕಡೆಯಿಂದ ಯಾರೇ ಅಮೆರಿಕಕ್ಕೆ ಹೊರಟರೂ ಬೀದಿಯವರ ಹಪ್ಪಳ, ಉಪ್ಪಿನಕಾಯಿ, ಸೀರೆಗಳೆಲ್ಲ ಪೆಟ್ಟಿಗೆ ಹತ್ತುತ್ತವೆ. ಬಿಚ್ಚಿ ನೋಡಿದರೆ ಕೊಟ್ಟವರಿಗೆ ಅವಮಾನ.

ಫೋನನ್ನು ಪೊಟ್ಟಣದ ಹತ್ತಿರ ಹಿಡಿಯಲು ಹೇಳಿದೆ. ಕಿವಿಗೆ ಬಿದ್ದದ್ದು ಶುದ್ಧ ಷಡ್ಜ, ಪಂಚಮ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ! ಯಾರದೋ ಬ್ಯಾಗು ಒತ್ತಿ ಸ್ವಿಚ್ ಆನ್ ಆಗಿದೆ, ಅಷ್ಟೇ. ಹೋದ ಜೀವ ಬಂದಂತಾಯಿತು. ವೊಲ್ಮಾರ್‌ಗೆ ನಗುತ್ತಲೇ ಹೇಳಿದೆ.

ಅವರು ನಗಲಿಲ್ಲ. ‘ಸದ್ದು ಯಾವುದೆಂದು ನಿಮಗೆ ಗೊತ್ತು. ಒಳಗೆ ಇರುವುದು ಅದೊಂದೇ ಎಂದು ಗೊತ್ತೇ?’

ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ವಿಮಾನ ನೆಟ್ಟಗೆ ಅಟ್ಲಾಂಟಾಕ್ಕೆ ಹೋಗುತ್ತದೆ, ಮೂರ್ತಿಯವರು ಮೊಮ್ಮಗುವನ್ನು ಎತ್ತಿಕೊಳ್ಳುತ್ತಾರೆ. ಇಲ್ಲ ಎಂದರೆ ತುರ್ತಾಗಿ ಇಳಿಸುವುದು, ಕೈಕೋಳ, ವಿಚಾರಣೆ. ಆ ಮುಗ್ಧ ದನಿ ಇನ್ನೂ ಕಿವಿಯಲ್ಲಿತ್ತು. ಆದರೆ ಪಕ್ಕದ ಮನೆಯವರ ಮುಖವನ್ನೂ ನಾನು ಕಂಡವಳಲ್ಲ.

‘ಗೊತ್ತಿಲ್ಲ’ ಎಂದೆ.

ವಿಮಾನದ ಸಿಬ್ಬಂದಿ ಪೊಟ್ಟಣವನ್ನು ಹಿಂಬಾಗಿಲ ಬಳಿಗೆ ಒಯ್ದು, ಸಿಡಿದರೂ ಹಾನಿ ಕಡಿಮೆಯಾಗಲೆಂದು ಅದರ ಮೇಲೆ ಒದ್ದೆ ಕಂಬಳಿಗಳನ್ನು ಒಟ್ಟಿದರು. ವಿಮಾನವನ್ನು ದಾರಿಯಲ್ಲೇ ಸಿಗುವ ರಾಲಿ ನಿಲ್ದಾಣದತ್ತ ತಿರುಗಿಸಿದರು. ಅದು ನೆಲ ಮುಟ್ಟುವವರೆಗೆ ಯಾರೂ ಕುರ್ಚಿಯಿಂದ ಏಳಲಿಲ್ಲ. ವೊಲ್ಮಾರ್ ಮೇಜಿನ ಅಂಚನ್ನು ಹಿಡಿದ ಹಿಡಿತ ಬಿಡಲಿಲ್ಲ. ಅವರ ತುಟಿ ಬಿಳಿಚಿತ್ತು. ಇವರಿಗೆ ಅನುಮಾನವಲ್ಲ, ಭಯ, ಎಂದು ನನಗೆ ಅರ್ಥವಾದದ್ದು ಆಗಲೇ.

ಎಲ್ಲರನ್ನೂ ತುರ್ತು ಜಾರುಬಂಡಿಯಲ್ಲಿ ಇಳಿಸಿದ ಮೇಲೆ ಬಾಂಬ್ ಸ್ಕ್ವಾಡ್ ಪೊಟ್ಟಣವನ್ನು ದೂರ ಇಟ್ಟು ಪುಡಿಮಾಡಿತು. ಸಿಕ್ಕದ್ದು ಶ್ರುತಿ ಪೆಟ್ಟಿಗೆಯ ಚೂರುಗಳಷ್ಟೇ. ಮಾರನೆಯ ಬೆಳಿಗ್ಗೆ ನಾನೂ ವೊಲ್ಮಾರ್ ಅವರೂ ರಾಲಿಗೆ ಡ್ರೈವ್ ಮಾಡಿಕೊಂಡು ಹೋದೆವು. ಸುಳ್ಳು ಹೇಳಿದರೆಂದು ಮೂರ್ತಿಯವರ ಮೇಲೆ ಕೇಸು ಹಾಕುವ ಮಾತು ನಡೆದಿತ್ತು. ‘ಅವರು ನಿಜವನ್ನೇ ಹೇಳಿದ್ದಾರೆ. ನಾವು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ’ ಎಂದು ವೊಲ್ಮಾರ್ ಪಟ್ಟು ಹಿಡಿದು, ಸಂಜೆಯೊಳಗೆ ಅವರನ್ನು ಬಿಡಿಸಿದರು.

ಮೂರ್ತಿಯವರು ಹೊರಗೆ ಬಂದವರೇ ನನ್ನ ಮೇಲೆ ಸಿಡುಕಿದರು. ‘ಸದ್ದು ಕೇಳಿ ಶ್ರುತಿ ಪೆಟ್ಟಿಗೆ ಅಂತ ನಿಮಗೆ ಗೊತ್ತಾಯ್ತಂತಲ್ಲಮ್ಮ. ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಊರಲ್ಲಿ ಅವ್ರಿಗೆ ಹ್ಯಾಗೆ ಮುಖ ತೋರಿಸ್ಲಿ?’

‘ಹೇಳಿದೆ, ಅಂಕಲ್. ಒಳಗೆ ಬೇರೆ ಏನೂ ಇಲ್ಲ ಅಂತ ಹೇಳೋಕಾಗ್ಲಿಲ್ಲ. ನಿಮಗಾದ್ರೂ ಗೊತ್ತಿತ್ತಾ?’

ಅವರು ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದ ಹೆಂಡತಿಯ ಕಡೆ ತಿರುಗಿದರು. ‘ಇವಳನ್ನ ಅದರ ಕೆಳಗೇ ಕೂರಿಸಿದ್ದೆ’ ಎಂದರು. ಆಮೇಲೆ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತು, ಜಾರಿದ್ದ ಶಾಲನ್ನು ಅವರ ಹೆಗಲಿಗೆ ಸರಿಮಾಡಿದರು.

ಒಬ್ಬರನ್ನು ನಂಬುವುದು ಬೇರೆ, ಅವರ ಕೈಯಲ್ಲಿ ಏನಿದೆ ಎಂದು ತಿಳಿದಿರುವುದು ಬೇರೆ. ಅಷ್ಟು ಜನ ಆಕಾಶದಲ್ಲಿರುವಾಗ ಎರಡನ್ನೂ ಒಂದು ಮಾಡಬಾರದು. ನನ್ನ ಕೆಲಸ ಕಲಿಸಿದ್ದು ಇಷ್ಟು. ಈಗ ನಿವೃತ್ತಳು. ‘ಆಂಟಿ, ಊರಿಗೆ ಹೋಗ್ತಿದ್ದೀರಲ್ಲ, ಇದೊಂದು ಅಮ್ಮಂಗೆ ಕೊಟ್ಬಿಡಿ’ ಎಂದು ಯಾರಾದರೂ ಬಂದರೆ, ಅವರ ಎದುರಿಗೇ ಪೊಟ್ಟಣ ಬಿಚ್ಚುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ಆಗಲಿ ಬಿಡಿ.